ಮಾರುತನ ಹೊಟ್ಟೆಯೊಳಗೆ

ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಯಲ್ಲಿ ಪ್ರವಾಸದ ಗದ್ದಲ. ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆ ನಮ್ಮದು. ಊರೂರಿನ ಮಕ್ಕಳು ಬಸ್ಸು ಮಾಡಿಕೊಂಡು ನೋಡಲು ಬರುವ ಶ್ರೀರಂಗಪಟ್ಟಣ, ಕನ್ನಂಬಾಡಿ, ಮೇಲುಕೋಟೆಗಳು ನಮ್ಮ ಮಕ್ಕಳಿಗೆ ಮನೆಯ ಹಿತ್ತಲಿದ್ದ ಹಾಗೆ. ಹಿತ್ತಲ ಗಿಡ ಮದ್ದಲ್ಲವಷ್ಟೆ. ಅವರಿಗೆ ಬೆಂಗಳೂರೇ ಆಗಬೇಕು. 2023ರ ಡಿಸೆಂಬರಿನಲ್ಲಿ ಲಾಲ್‌ಬಾಗು, ವಿಧಾನಸೌಧಗಳ ಪಟ್ಟಿಗೆ ಎಚ್‌ಎಎಲ್‌ನ ವಿಮಾನ ಸಂಗ್ರಹಾಲಯವನ್ನು ಸೇರಿಸಿದವಳು ನಾನು. "ಸಮಾಜ ವಿಜ್ಞಾನದವರಿಗೆ ವಿಮಾನ ಯಾಕ್ರೀ ಮೇಡಂ?" ಎಂದು ಹೆಡ್‌ಮಾಸ್ಟರು ನಕ್ಕರು. "ಅದೂ ಇತಿಹಾಸವೇ ಸಾರ್" ಎಂದೆ. ಅದು ನಿಜ. ಆದರೆ ಪೂರ್ತಿ ನಿಜವಲ್ಲ.

ನಮ್ಮಪ್ಪ ಆ ಕಾರ್ಖಾನೆಯಲ್ಲಿ 38 ವರ್ಷ ದುಡಿದವನು. ನಾಗಮಂಗಲ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಎರಡು ಎಕರೆ ಹೊಲ, ಅದೂ ಮಳೆ ನಂಬಿದ್ದು. ಕನ್ನಂಬಾಡಿಯ ನಾಲೆ ಮಂಡ್ಯದ ಕಡೆ ಹರಿಯಿತೇ ಹೊರತು ನಮ್ಮ ಊರಿಗೆ ಹತ್ತಲಿಲ್ಲ. ರಾಗಿ ಕೈಕೊಟ್ಟ ಒಂದು ವರ್ಷ, 1958ರಲ್ಲಿ, ಇಪ್ಪತ್ತರ ಹುಡುಗ ಅಪ್ಪ ಬೆಂಗಳೂರು ಬಸ್ಸು ಹತ್ತಿದ. ಅವ್ವ ಹೊಲ ನೋಡಿಕೊಂಡು ಊರಲ್ಲೇ ಉಳಿದಳು. ಅಪ್ಪ ವಿಮಾನಪುರದ ಹತ್ತಿರ ನಾಲ್ಕು ಜನ ಸೇರಿ ಮಾಡಿದ ಒಂದು ಕೋಣೆಯಲ್ಲಿದ್ದುಕೊಂಡು ತಿಂಗಳಿಗೆ ಎರಡು ಸಲ ಊರಿಗೆ ಬರುತ್ತಿದ್ದ. ಅಲ್ಲಿ ಏನು ಮಾಡುತ್ತೀಯ ಅಂದರೆ "ತಗಡು ಹೊಲೀತೀನಿ" ಅನ್ನುತ್ತಿದ್ದ. ನಮ್ಮೂರಲ್ಲಿ ಬಹಳ ಜನ ಅವನನ್ನು ದರ್ಜಿ ಎಂದೇ ತಿಳಿದಿದ್ದರು.

ಆ ಕಾರ್ಖಾನೆ ಹುಟ್ಟಿದ ಕಥೆಯನ್ನು ಬಸ್ಸಿನಲ್ಲಿ ಮಕ್ಕಳಿಗೆ ಹೇಳಿದೆ. 1940 ಎರಡನೆಯ ಮಹಾಯುದ್ಧದ ಕಾಲ. ವಾಲ್‌ಚಂದ್ ಹೀರಾಚಂದ್ ಎಂಬ ಮುಂಬಯಿಯ ಉದ್ಯಮಿ ಇಂಡಿಯಾದಲ್ಲೇ ವಿಮಾನ ಕಟ್ಟಬೇಕೆಂದು ಹೊರಟಾಗ ಕೈ ಹಿಡಿದದ್ದು ನಮ್ಮ ಮೈಸೂರು ಸಂಸ್ಥಾನ. ಆ ವರ್ಷ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡಿದ್ದರು. ಜಯಚಾಮರಾಜ ಒಡೆಯರು ಆಗತಾನೇ ಪಟ್ಟಕ್ಕೆ ಬಂದಿದ್ದರು. ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಸರ್ಕಾರ ಬೆಂಗಳೂರಿನ ಪೂರ್ವಕ್ಕೆ ಜಮೀನು ಕೊಟ್ಟಿತು, ಬಂಡವಾಳದಲ್ಲೂ ಪಾಲು ಹಾಕಿತು. ಡಿಸೆಂಬರ್ 23ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಎಂಬ ಹೆಸರಿನಲ್ಲಿ ಕಂಪನಿ ಸ್ಥಾಪನೆಯಾಯಿತು. ಮುಂದಿನ ವರ್ಷವೇ ಹಾರ್ಲೋ ಎಂಬ ಪುಟ್ಟ ತರಬೇತಿ ವಿಮಾನವನ್ನು ಅಲ್ಲಿ ಜೋಡಿಸಿ ಹಾರಿಸಿದರು. ಬೆಂಗಳೂರಿನ ತಂಪು ಹವೆಯ ಜೊತೆಗೆ ಅಲ್ಲಿಗೆ ಬೇಕಾಗಿದ್ದ ಇನ್ನೊಂದು ವಸ್ತು ವಿದ್ಯುತ್ತು. ಅದು ಬೆಂಗಳೂರಿಗೆ 1905ರಿಂದಲೇ ಶಿವನಸಮುದ್ರದಿಂದ ಬರುತ್ತಿತ್ತು. ಅಂದರೆ ನಮ್ಮ ಊರುಗಳ ಪಕ್ಕ ಹರಿದು ಹೋದ ಕಾವೇರಿಯ ನೀರು ಅಲ್ಲಿ ಬಿದ್ದು ಬೆಳಕಾಗಿ, ಕಾರ್ಖಾನೆಯ ಯಂತ್ರ ತಿರುಗಿಸಿತು. ಇದನ್ನು ಕೇಳಿ ಮಕ್ಕಳು ಕಿಟಕಿಯಾಚೆ ನಾಲೆಯನ್ನು ಹೊಸದಾಗಿ ನೋಡಿದವು.

ಯುದ್ಧಕಾಲದಲ್ಲಿ ಸರ್ಕಾರ ಕಾರ್ಖಾನೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1943ರಿಂದ ಅಮೆರಿಕದ ವಾಯುಸೇನೆಯ ವಿಮಾನಗಳು ರಿಪೇರಿಗೆ ಅಲ್ಲಿಗೆ ಬರುತ್ತಿದ್ದವು. ಸ್ವಾತಂತ್ರ್ಯ ಬಂದ ಮೇಲೆ ಕೆಲಸವಿಲ್ಲದೆ ಕೂರುವಂತಿರಲಿಲ್ಲ. ಬಸ್ಸಿನ ಮೈ ಕಟ್ಟಿದರು, ರೈಲಿನ ಡಬ್ಬಿ ಕಟ್ಟಿದರು. ಅಪ್ಪ ಮೊದಲು ಸೇರಿದ್ದು ಈ ರೈಲು ಡಬ್ಬಿಯ ವಿಭಾಗಕ್ಕೆ. ಆ ಕೆಲಸ 1960ರ ದಶಕದ ನಡುವೆ ಬಿಇಎಂಎಲ್ ಎಂಬ ಬೇರೆ ಸಂಸ್ಥೆಗೆ ಹೋಯಿತು. ಅಪ್ಪ ವಿಮಾನದ ಕಡೆಗೆ ಬಂದ.

ಸಂಗ್ರಹಾಲಯ 2001ರಲ್ಲಿ ಪ್ರಾರಂಭವಾದದ್ದು. ಒಳಗೆ ದಶಕ ದಶಕದ ಫೋಟೋಗಳು, ಕೊಯ್ದು ಹೊಟ್ಟೆ ತೋರಿಸುವ ಎಂಜಿನ್ನುಗಳು. ಹೊರಗೆ, ಮರಗಳ ನಡುವೆ, ವಿಮಾನಗಳು ನಿಂತಿವೆ. ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ನಮ್ಮವರೇ ವಿನ್ಯಾಸ ಮಾಡಿ 1951ರಲ್ಲಿ ಹಾರಿಸಿದ ಎಚ್‌ಟಿ-2, ತಲೆಮಾರುಗಟ್ಟಲೆ ಹುಡುಗರಿಗೆ ಹಾರುವುದನ್ನು ಕಲಿಸಿದ ಕಿರಣ್, ಮಿಗ್-21. ಆಗ ಮಿಗ್ ಇನ್ನೂ ಸೇವೆಯಲ್ಲಿತ್ತು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆ ಅದನ್ನೂ ಬೀಳ್ಕೊಟ್ಟಿತು. ಇವುಗಳ ನಡುವೆ ಉದ್ದ ಮೂಗಿನ, ತೆಳು ಮೈಯ, ರೆಕ್ಕೆಯನ್ನು ಹಿಂದಕ್ಕೆ ಬಾಗಿಸಿಕೊಂಡ ಒಂದು ವಿಮಾನ. ಫಲಕದಲ್ಲಿ ಎಚ್‌ಎಫ್-24 ಮಾರುತ್ ಎಂದಿತ್ತು. ನಾನು ಅಲ್ಲೇ ನಿಂತುಬಿಟ್ಟೆ.

ಮಾರುತ ಅಂದರೆ ಗಾಳಿ, ಗಾಳಿಯ ಮಗ ಮಾರುತಿ. ಅಪ್ಪ ಯಾವಾಗಲೋ ಈ ಹೆಸರು ಹೇಳಿದ್ದನ್ನು ಹಿಡಿದುಕೊಂಡು ಅವ್ವ ಶನಿವಾರ ಶನಿವಾರ ಊರ ಆಂಜನೇಯನಿಗೆ ಒಂದು ದೀಪ ಹೆಚ್ಚಿಗೆ ಹಚ್ಚುತ್ತಿದ್ದಳು, ಗಂಡ ಮಾಡುವ ವಿಮಾನ ಬೀಳದಿರಲಿ ಎಂದು.

ಈ ವಿಮಾನದ ಚರಿತ್ರೆ ಒಂದು ಆಸೆಯ ಚರಿತ್ರೆ. ಶಬ್ದಕ್ಕಿಂತ ಎರಡು ಪಟ್ಟು ವೇಗದ ಯುದ್ಧವಿಮಾನವನ್ನು ನಾವೇ ಮಾಡಬೇಕೆಂದು 1950ರ ದಶಕದಲ್ಲಿ ನಿರ್ಧಾರವಾಯಿತು. ಬೈಸಿಕಲ್ಲನ್ನೇ ಹೊಸದಾಗಿ ಮಾಡಲು ಕಲಿಯುತ್ತಿದ್ದ ದೇಶ. 1956ರಲ್ಲಿ ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ಎಂಜಿನಿಯರು ತನ್ನ ಸಂಗಡಿಗರೊಂದಿಗೆ ಬೆಂಗಳೂರಿಗೆ ಬಂದ. ಮಹಾಯುದ್ಧದಲ್ಲಿ ಜರ್ಮನಿಯ ಹೆಸರಾಂತ ಫೋಕೆವುಲ್ಫ್-190 ವಿಮಾನದ ವಿನ್ಯಾಸ ಮಾಡಿದವನು ಅವನೇ. ಯುದ್ಧ ಸೋತ ಮೇಲೆ ಅರ್ಜೆಂಟೈನಾಕ್ಕೆ ಹೋಗಿ, ಅಲ್ಲಿಂದ ಇಲ್ಲಿಗೆ. ಅವನ ಕೈಕೆಳಗೆ ನಮ್ಮ ಹುಡುಗರು ಕೆಲಸ ಕಲಿತರು.

ಲೋಹದ ವಿಮಾನ ಮಾಡುವುದಕ್ಕೆ ಮೊದಲು ಅದೇ ಅಳತೆಯ, ಎಂಜಿನ್ನಿಲ್ಲದ ಒಂದು ಮರದ ವಿಮಾನ ಮಾಡಿದರು. 1959ರಲ್ಲಿ ಡಕೋಟಾ ವಿಮಾನವೊಂದು ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಮೇಲೇರಿ, ಆಕಾಶದಲ್ಲಿ ಬಿಟ್ಟುಬಿಡುತ್ತಿತ್ತು. ಅದು ತೇಲುತ್ತಾ ಇಳಿಯುತ್ತಿತ್ತು. ಹೀಗೆ 78 ಸಲ ಹಾರಿಸಿ ವಿನ್ಯಾಸ ಸರಿಯಿದೆಯೇ ಎಂದು ನೋಡಿದರು. ಅಪ್ಪ ಇದನ್ನು ಹೇಳುವಾಗ, "ಮರದ್ ಕುದ್ರೆ ಹತ್ತಿಸಿ ನಿಜವಾದ್ ಕುದ್ರೆ ಕಲಿಸ್ದಂಗೆ" ಅನ್ನುತ್ತಿದ್ದ.

1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ಮೊದಲ ಮಾರುತವನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ಮೈ ಅಚ್ಚುಕಟ್ಟಾಗಿತ್ತು, ಗಾಳಿಯನ್ನು ಚೆನ್ನಾಗಿ ಸೀಳುತ್ತಿತ್ತು. ಕೊರತೆ ಎದೆಯಲ್ಲಿ. ಟ್ಯಾಂಕ್ ಯಾವ ಬಲವಾದ ಎಂಜಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ವಿಮಾನ ಬರೆದಿದ್ದನೋ ಅದನ್ನು ಬ್ರಿಟನ್ ಅರ್ಧಕ್ಕೆ ಕೈಬಿಟ್ಟಿತು. ಅದನ್ನು ಪೂರೈಸಲು ಬೇಕಾದ ಹಣವನ್ನು ನಮ್ಮ ಸರ್ಕಾರವೂ ಹಾಕಲಿಲ್ಲ. ಕೊನೆಗೆ ಪುಟ್ಟ ನ್ಯಾಟ್ ವಿಮಾನಕ್ಕೆ ಹಾಕುತ್ತಿದ್ದ ಆರ್ಫಿಯಸ್ ಜಾತಿಯ ಎಂಜಿನ್ನನ್ನೇ ಎರಡು ಜೋಡಿಸಿದರು. "ಅಮೃತಮಹಲ್ ಎತ್ತು ಹೂಡೋ ಗಾಡಿಗೆ ಕರ ಹೂಡಿದ್ರು ಕಣವ್ವ" ಎಂದು ಅಪ್ಪ ಹೇಳುತ್ತಿದ್ದ. ಎರಡು ಪಟ್ಟು ವೇಗದ ಮಾತು ಹೋಗಲಿ, ಶಬ್ದದ ವೇಗ ಮುಟ್ಟುವುದೇ ಕಷ್ಟವಾಯಿತು. ಈಜಿಪ್ಟಿನ ಎಂಜಿನ್ನನ್ನು ಹಾಕಿ ನೋಡಿದರು. ಇದ್ದ ಎಂಜಿನ್ನಿಗೇ ಬಲ ಕೂಡಿಸಲು ನೋಡಿದರು. ಅಂಥ ಬಲ ಕೂಡಿಸಿದ ವಿಮಾನವನ್ನು ಹಾರಿಸುವಾಗಲೇ, 1970ರ ಜನವರಿ 10ರಂದು, ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಅದು ಬಿದ್ದು ಸುರಂಜನ್ ದಾಸ್ ತೀರಿಕೊಂಡರು. ಇವತ್ತು ಬೆಂಗಳೂರಿನಲ್ಲಿ ಹಳೆ ಮದ್ರಾಸ್ ರಸ್ತೆಯಿಂದ ಆ ಕಡೆ ಹೋಗುವ ರಸ್ತೆಗೆ ಅವರ ಹೆಸರಿದೆ. ಅಪ್ಪ ಅಧಿಕಾರಿಗಳನ್ನೆಲ್ಲ ಹಿಂದೆ ಏಕವಚನದಲ್ಲೇ ಆಡಿಕೊಳ್ಳುತ್ತಿದ್ದವನು. ಇವರೊಬ್ಬರನ್ನು ಮಾತ್ರ "ದಾಸ್ ಸಾಹೇಬ್ರು" ಅನ್ನುತ್ತಿದ್ದ.

ಸೋತ ವಿಮಾನ ಎಂದು ಬರೆದುಬಿಡುವುದು ಸುಲಭ. ಆದರೆ 1967ರಿಂದ ವಾಯುಪಡೆಯ ಮೂರು ದಳಗಳು ಇದನ್ನು ನಂಬಿ ಹಾರಿಸಿದವು. 1971ರ ಡಿಸೆಂಬರಿನ ಯುದ್ಧದಲ್ಲಿ ರಾಜಸ್ಥಾನದ ಮರಳುಗಾಡಿನ ಮೇಲೆ ತೀರ ತಗ್ಗಿನಲ್ಲಿ ಹಾರಿ ಶತ್ರುವಿನ ಟ್ಯಾಂಕು, ರೈಲುಗಳ ಮೇಲೆ ದಾಳಿ ಮಾಡಿದವು. ಎಂಜಿನ್ ಎರಡಿದ್ದದ್ದು ಆಗ ವರವಾಯಿತು. ಒಂದು ಕೆಟ್ಟರೂ ಇನ್ನೊಂದರಲ್ಲಿ ಮನೆ ಸೇರಿದ ವಿಮಾನಗಳಿದ್ದವು. ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ. ಕೆ. ಬಕ್ಷಿ ಮಾರುತದಲ್ಲಿದ್ದುಕೊಂಡು ಸೇಬರ್ ವಿಮಾನವೊಂದನ್ನು ಹೊಡೆದುರುಳಿಸಿದರು. ನೆಲದ ಗುಂಡಿಗೆ ಕೆಲವು ಮಾರುತಗಳು ಬಿದ್ದವು. ಆಕಾಶದ ಕಾಳಗದಲ್ಲಿ ಒಂದೂ ಬೀಳಲಿಲ್ಲ. ನಾನಾಗ ಎರಡು ವರ್ಷದ ಕೂಸು. ಆ ತಿಂಗಳು ಅಪ್ಪ ಊರಿಗೇ ಬರಲಿಲ್ಲವಂತೆ. ಅವ್ವ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಪಟೇಲರ ಮನೆಯ ಜಗಲಿಯಲ್ಲಿ ರೇಡಿಯೋ ಕೇಳುತ್ತಿದ್ದಳಂತೆ.

ತರಬೇತಿಯವೂ ಸೇರಿ ಒಟ್ಟು 147 ಮಾರುತಗಳನ್ನು ಕಟ್ಟಿದರು. 1980ರ ದಶಕದಲ್ಲಿ ಅವು ಒಂದೊಂದಾಗಿ ನೆಲಕ್ಕಿಳಿದವು. ಉಳಿದ ಕೆಲವು ಸಂಗ್ರಹಾಲಯಗಳನ್ನು ಸೇರಿದವು. ಒಂದು ಜರ್ಮನಿಯ ಮ್ಯೂನಿಕ್ ಪಕ್ಕದ ಶ್ಲೈಸ್‌ಹೈಮ್‌ನಲ್ಲಿದೆ.

ಇನ್ನು ಅಪ್ಪನ ತಗಡು ಹೊಲಿಗೆಯ ವಿಚಾರ. ವಿಮಾನದ ಮೈ ಎಂದರೆ ಅಲ್ಯೂಮಿನಿಯಮ್ಮಿನ ಮಿಶ್ರಲೋಹದ ತೆಳು ತಗಡು. ಅದನ್ನು ಒಳಗಿನ ಎಲುಬುಗಳಿಗೆ ಸಾವಿರಾರು ರಿವೆಟ್ಟುಗಳಿಂದ ಕೂಡಿಸಬೇಕು. ಒಂದು ರಿವೆಟ್ಟಿಗೆ ಇಬ್ಬರು ಬೇಕು. ಹೊರಗೆ ನಿಂತವನ ಕೈಯಲ್ಲಿ ಗಾಳಿಯ ಒತ್ತಡದಿಂದ ಬಡಿಯುವ ಗನ್ನು. ಒಳಗಿರುವವನ ಕೈಯಲ್ಲಿ ಭಾರದ ಉಕ್ಕಿನ ತುಂಡು. ಹೊರಗಿನ ಪೆಟ್ಟಿಗೆ ಒಳಗಿನವನು ಉಕ್ಕನ್ನು ಒತ್ತಿಹಿಡಿದು ಎದೆಯೊಡ್ಡಿದರೆ ರಿವೆಟ್ಟಿನ ಬಾಲ ಚಪ್ಪಟೆಯಾಗಿ ತಗಡನ್ನು ಕಚ್ಚಿಕೊಳ್ಳುತ್ತದೆ. ಕೈ ಒಂದಿಷ್ಟು ವಾಲಿದರೂ ಅದು ಕೆಟ್ಟಿತು. ಒಬ್ಬರ ಮುಖ ಒಬ್ಬರಿಗೆ ಕಾಣದು, ಸದ್ದಿನಲ್ಲಿ ಮಾತು ಕೇಳದು. ಅದಕ್ಕೇ ತಟ್ಟುವ ಭಾಷೆ: ಒಳಗಿನವನು ಒಮ್ಮೆ ತಟ್ಟಿದರೆ ಸರಿಯಾಯಿತು, ಎರಡು ಸಲ ತಟ್ಟಿದರೆ ಇನ್ನೊಮ್ಮೆ ಹೊಡಿ. ಅಪ್ಪ ಗಿಡ್ಡ, ಸಣಕಲು. ಹಾಗಾಗಿ ಸದಾ ಅವನು ಒಳಗಿನವನು. ಮಾರುತದ ಹೊಟ್ಟೆಯೊಳಗೆ ಮಲಗಿ, ಮಂಡಿಯೂರಿ, ಕತ್ತು ಓರೆ ಮಾಡಿಕೊಂಡು ವರ್ಷಗಟ್ಟಲೆ ಉಕ್ಕು ಹಿಡಿದವನು.

ಕೆಲವು ಜಾತಿಯ ರಿವೆಟ್ಟನ್ನು ಕಾಯಿಸಿ ತಣಿಸಿದ ಮೇಲೆ ಬಳಸುವವರೆಗೂ ಐಸ್ ಪೆಟ್ಟಿಗೆಯಲ್ಲಿ ಇಡಬೇಕಾಗಿತ್ತು. ಹೊರಗಿಟ್ಟರೆ ತಾನೇ ಗಡುಸಾಗಿ, ಬಡಿದರೆ ಸೀಳುತ್ತದೆ. ಇದನ್ನು ಕೇಳಿ ಅವ್ವ, "ಮಳೆಯನ್ನ ಐಸಲ್ಲಿಡೋ ಕಾಲ ಬಂತಲ್ಲಪ್ಪ" ಎಂದು ಮೂಗಿನ ಮೇಲೆ ಬೆರಳಿಟ್ಟಿದ್ದಳು. ಅಪ್ಪನ ಜೊತೆ ಬಸ್ಸಿನಲ್ಲಿ ಕೂರುವುದೇ ಒಂದು ಸಂಕಟ. ಕಿಟಕಿಯ ಪಕ್ಕದ ತಗಡನ್ನು ಬೆರಳಲ್ಲಿ ತಟ್ಟಿ, ಕಿವಿಗೊಟ್ಟು, "ಇಲ್ಲೊಂದ್ ಸಡ್ಲಾಗದೆ" ಎಂದು ಕಂಡಕ್ಟರನಿಗೆ ಹೇಳುತ್ತಿದ್ದ. ನನಗೆ ನಾಚಿಕೆಯಾಗಿ ಬೇರೆ ಸೀಟಿಗೆ ಹೋಗುತ್ತಿದ್ದೆ.

1996ರಲ್ಲಿ ನಿವೃತ್ತನಾಗಿ ಊರಿಗೆ ಬಂದ. ನನಗೆ ಅಷ್ಟರಲ್ಲಿ ಮದುವೆಯಾಗಿ ಕೆ.ಆರ್. ಪೇಟೆಯ ಕಡೆ ಶಾಲೆಯಲ್ಲಿದ್ದೆ. ಸಂಗ್ರಹಾಲಯ ತೆರೆದ ಸುದ್ದಿ ಪತ್ರಿಕೆಯಲ್ಲಿ ಓದಿ, ಹೋಗೋಣ ಬಾ, ನೀನು ಮಾಡಿದ ವಿಮಾನ ನಿಲ್ಲಿಸಿದ್ದಾರಂತೆ ಎಂದು ಕರೆದೆ. ಅಪ್ಪ ಒಪ್ಪಲಿಲ್ಲ. "ಕರ ಸತ್ತೋದ ಹಸೀನ ಮುಂದೆ ತೊಗಲಿಗೆ ಹುಲ್ಲು ತುಂಬಿ ಕರ ಅಂತ ನಿಲ್ಲುಸ್ತಾರಲ್ಲ, ಹಂಗೆ ಕಣವ್ವ ಅದು. ನೀ ಬೇಕಾದ್ರೆ ನೋಡೋಗು, ನಂಗ್ ಬ್ಯಾಡ" ಅಂದ. ಮತ್ತೆ ಮತ್ತೆ ಕರೆಯಲಿಲ್ಲ. ಸಂಸಾರ, ಶಾಲೆ, ಜನಗಣತಿ, ಚುನಾವಣೆ ಡ್ಯೂಟಿಗಳಲ್ಲಿ ನನಗೂ ಮರೆತೇ ಹೋಯಿತು. 2009ರಲ್ಲಿ ಅಪ್ಪ ಮಲಗಿದ. ಕೊನೆಯ ವಾರ ಮಾತು ನಿಂತಿತ್ತು. ನೀರು ಬೇಕೇ ಎಂದು ಕೇಳಿದರೆ ಮಂಚದ ಪಟ್ಟಿಗೆ ಬೆರಳಿನಿಂದ ತಟ್ಟುತ್ತಿದ್ದ. ನಮ್ಮ ಮನೆಯಲ್ಲಿ ಎಲ್ಲರಿಗೂ ಆ ಭಾಷೆ ಬರುತ್ತಿತ್ತು. ಒಮ್ಮೆ ಅಂದರೆ ಸರಿ, ಎರಡು ಸಲ ಅಂದರೆ ಇನ್ನೊಮ್ಮೆ.

ಆವತ್ತು ಮಾರುತದ ಮುಂದೆ ನಿಂತು ಇದೆಲ್ಲ ನುಗ್ಗಿ ಬಂತು. ಹೊಟ್ಟೆಯ ಕೆಳಗೆ ಬಾಗಿ ನೋಡಿದೆ. ಬಣ್ಣದ ಅಡಿಯಲ್ಲಿ ಸಾಲುಸಾಲು ಚುಕ್ಕೆ, ರಂಗೋಲಿಗೆ ಇಟ್ಟ ಹಾಗೆ. ಈ ವಿಮಾನದಲ್ಲಿ ಅಪ್ಪನ ಕೈ ಬಿದ್ದಿತ್ತೋ ಇಲ್ಲವೋ, ಹೇಗೆ ಹೇಳುವುದು? 147ರಲ್ಲಿ ಇದೊಂದು. ಮುಟ್ಟಬೇಕೆನಿಸಿತು. ಏನನ್ನೂ ಮುಟ್ಟಬಾರದು ಎಂದು ಬಸ್ಸಿಳಿಯುವಾಗ ಮಕ್ಕಳಿಗೆ ಎಚ್ಚರಿಕೆ ಕೊಟ್ಟವಳು ನಾನೇ. ಕೈ ಹಿಂದೆ ಕಟ್ಟಿಕೊಂಡೆ.

ಆಗ ನಮ್ಮ ತರಗತಿಯ ಒಬ್ಬ ಹುಡುಗಿ ಬಂದು, "ಮಿಸ್, ಟಿಪ್ಪು ರಾಕೆಟ್ ಇಲ್ಲಿಲ್ವಾ?" ಎಂದಳು. ಶ್ರೀರಂಗಪಟ್ಟಣದ ಬಗಲಲ್ಲಿ ಬೆಳೆದವರಿಗೆ ಹಾರುವ ಯುದ್ಧಸಾಧನ ಎಂದರೆ ಮೊದಲು ನೆನಪಾಗುವುದು ಅದೇ. ಹೈದರಾಲಿ, ಟಿಪ್ಪುಗಳ ಸೈನ್ಯದಲ್ಲಿ ಕಬ್ಬಿಣದ ಕೊಳವೆಗೆ ಮದ್ದು ಗಿಡಿದು, ಬಿದಿರು ಗಳುವಿಗೆ ಕಟ್ಟಿ ಹಾರಿಸುತ್ತಿದ್ದರು. ಜಾತ್ರೆಯ ಬಾಣಬಿರುಸಿನ ಅಣ್ಣ ಎನ್ನಿ. ಯೂರೋಪಿನವರು ಆಗ ಕಾಗದದ ಕೊಳವೆ ಬಳಸುತ್ತಿದ್ದರು. ಕಬ್ಬಿಣದ್ದು ಹೆಚ್ಚು ಒತ್ತಡ ತಡೆಯುತ್ತಿದ್ದುದರಿಂದ ನಮ್ಮದು ಒಂದು ಕಿಲೋಮೀಟರಿಗೂ ಆಚೆ ಹೋಗಿ ಬೀಳುತ್ತಿತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದದ್ದನ್ನು ದರಿಯಾ ದೌಲತ್‌ನ ಗೋಡೆಚಿತ್ರದಲ್ಲಿ ಈಗಲೂ ನೋಡಬಹುದು. 1799ರ ಏಪ್ರಿಲಿನಲ್ಲಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕರ್ನಲ್ ವೆಲ್ಲೆಸ್ಲಿಯ ರಾತ್ರಿ ದಾಳಿಯನ್ನು ಹಿಮ್ಮೆಟ್ಟಿಸಿದಾಗಲೂ ಈ ಬಾಣಗಳು ಹಾರಿದವು. ಮೇ 4ರಂದು ಪಟ್ಟಣ ಬಿದ್ದ ಮೇಲೆ ನೂರಾರು ಬಾಣಗಳು ಇಂಗ್ಲಿಷರ ಕೈ ಸೇರಿದವು. ಕೆಲವು ಇಂಗ್ಲೆಂಡಿನ ವುಲಿಚ್‌ಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ. ನಮ್ಮ ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು ಈ ಕಥೆಯನ್ನು ಶೋಧಿಸಿ ಬರೆದಿದ್ದಾರೆ. ಇತ್ತ 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಇಂಥ ಕೊಳವೆಗಳು ಸಿಕ್ಕವು.

ಇಷ್ಟು ಹೇಳಿ ಮುಗಿಸಿದೆ. ಹುಡುಗಿ ಬಿಡಲಿಲ್ಲ. "ಅದನ್ನ ಮಾಡಿದ್ದು ಟಿಪ್ಪುನೇನಾ ಮಿಸ್?" ಎಂದಳು. ಕಮ್ಮಾರರು ಮಾಡಿದ್ದು ಎಂದೆ. "ಅವರ ಹೆಸರೇನು?"

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಕೊಳವೆ ಉಳಿದಿದೆ, ಹಾರಿಸಿದ ರಾಜನ ಹೆಸರು ಉಳಿದಿದೆ, ಕದ್ದು ಕಲಿತವನ ಹೆಸರು ಉಳಿದಿದೆ. ಬಡಿದವನದು ಇಲ್ಲ. ಇನ್ನೂರು ವರ್ಷದ ಹಿಂದಿನ ಮಾತಾಯಿತು, ಹೋಗಲಿ ಎನ್ನೋಣ. ಆದರೆ ನನ್ನ ಮುಂದೆ ನಿಂತಿದ್ದ ಮಾರುತದ ಕಥೆಯಲ್ಲೂ ಟ್ಯಾಂಕ್ ಇದ್ದಾನೆ, ದಾಸ್ ಇದ್ದಾರೆ, ಬಕ್ಷಿ ಇದ್ದಾರೆ. ಇರಲೇಬೇಕಾದವರು. ಒಳಗೆ ಮಲಗಿ ಉಕ್ಕು ಹಿಡಿದವರು ಮಾತ್ರ ಅಲ್ಲೂ ಒಳಗೇ ಉಳಿದರು. ಫಲಕ ಬರೆದವರನ್ನು ದೂರಿ ಪ್ರಯೋಜನವಿಲ್ಲ. ಹೇಳಬೇಕಾಗಿದ್ದವಳು ನಾನು. ಮೂವತ್ತು ವರ್ಷ ಇತಿಹಾಸದ ಮೇಷ್ಟ್ರಮ್ಮನಾಗಿ, ಮನೆಯಲ್ಲೇ ಇದ್ದ ಇತಿಹಾಸವನ್ನು ಒಂದು ಹಾಳೆಗೂ ಇಳಿಸಲಿಲ್ಲ. ಬಸ್ಸಿನಲ್ಲಿ ಅಪ್ಪ ತಗಡು ತಟ್ಟಿದಾಗ ನಾಚಿಕೊಂಡು ಎದ್ದುಹೋದವಳು ನಾನೇ ತಾನೆ?

ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅಲ್ಲೇ, ಮರದ ನೆರಳಲ್ಲಿ, ಅಪ್ಪನ ಕಥೆ ಹೇಳಿದೆ. ಟ್ಯಾಂಕ್‌ನ ಕಥೆ ಹೇಳುವಾಗ ಆಕಳಿಸುತ್ತಿದ್ದ ಹುಡುಗರು ಐಸಿನಲ್ಲಿಟ್ಟ ರಿವೆಟ್ಟಿನ ಕಥೆಗೆ ಕಿವಿ ನಿಮಿರಿಸಿದರು. ಹೊರಡುವಾಗ ಎಲ್ಲರೂ ಬಗ್ಗಿ ಬಗ್ಗಿ ಮಾರುತದ ಹೊಟ್ಟೆ ನೋಡಿದರು.

ಊರಿಗೆ ಬಂದ ಮೇಲೆ ಪ್ರವಾಸದ ವರದಿ ಬರೆಸುವ ಬದಲು ಬೇರೆ ಮನೆಗೆಲಸ ಕೊಟ್ಟೆ: ನಿಮ್ಮ ಮನೆಯ ಹಿರಿಯರೊಬ್ಬರು ತಮ್ಮ ಕೈಯಾರೆ ಏನು ಮಾಡಿದರು, ಹೇಗೆ ಮಾಡಿದರು, ಕೇಳಿ ಬರೆಯಿರಿ. ಕೆಲವರು ಎರಡು ಸಾಲು ಬರೆದು ತಂದರು. ಒಬ್ಬ ಹುಡುಗ ಸಕ್ಕರೆ ಕಾರ್ಖಾನೆಯಲ್ಲಿ ಅವನಜ್ಜ ಪಾಕದ ಹದ ನೋಡುತ್ತಿದ್ದ ಬಗೆಯನ್ನು ಬರೆದಿದ್ದ. ಕೆ.ಆರ್. ಪೇಟೆಯ ಕಡೆಯ ಇನ್ನೊಬ್ಬನ ಮುತ್ತಜ್ಜಿ ಕನ್ನಂಬಾಡಿ ಕಟ್ಟುವಾಗ ಸುರ್ಕಿ ಗಾರೆ ಹೊತ್ತವಳಂತೆ. ಅವಳ ಹೆಸರನ್ನು ಅವನು ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದ. ಆ ನೋಟ್‌ಬುಕ್ಕುಗಳನ್ನು ಹಿಂದಿರುಗಿಸದೆ ಶಾಲೆಯ ಬೀರುವಿನಲ್ಲಿ ಇಟ್ಟಿದ್ದೇನೆ. ಆಮೇಲಿನ ವರ್ಷಗಳಲ್ಲೂ ಬರೆಸುತ್ತಿದ್ದೇನೆ.

ಅಪ್ಪ ಹೇಳಿದ ಹುಲ್ಲು ತುಂಬಿದ ಕರುವಿನ ಮಾತು ಆಗಾಗ ನೆನಪಾಗುತ್ತದೆ. ಅದಕ್ಕೆ ಜೀವವಿಲ್ಲ ಎಂದದ್ದು ನಿಜ. ಆದರೆ ಹಸು ಅದನ್ನು ನೆಕ್ಕುತ್ತದೆ, ಸೊರ ಬಿಡುತ್ತದೆ, ಕೆಚ್ಚಲಿಗೆ ಹಾಲು ಇಳಿಯುತ್ತದೆ. ಅದನ್ನೂ ನಮ್ಮ ಕೊಟ್ಟಿಗೆಯಲ್ಲಿ ನಾನು ಕಂಡವಳೇ. ಅಪ್ಪನಿಗೆ ಆಗಲೇ ಅಷ್ಟು ಹೇಳಿ ಕರೆದುಕೊಂಡು ಹೋಗಬಹುದಿತ್ತು.